ಪಗಾರ ಎಲ್ಲಿ ನಿಂತಿತು?

ಸರ್ಕಾರದ ಹಣ ಖಾತೆಗೆ ಬಂದರೆ ಮೊಬೈಲ್‌ಗೆ ಸಂದೇಶ ಬರುತ್ತದೆ. ಬಾರದಿದ್ದರೆ, ಬಾರಲಿಲ್ಲ ಎಂಬ ಸಂದೇಶ ಬರುವುದಿಲ್ಲ. ಹಾಗಾಗಿ ನನ್ನ ಅಂಗವಿಕಲ ಮಾಸಾಶನ ನಿಂತಿದೆ ಎಂಬುದು ನನಗೆ ಖಾತ್ರಿಯಾಗುವ ಹೊತ್ತಿಗೆ ಅದು ನಿಂತು ಬಹಳ ದಿನಗಳಾಗಿದ್ದವು. ಎರಡು ಮೂರು ತಿಂಗಳು ತಡವಾಗಿ ಒಟ್ಟಿಗೆ ಜಮೆಯಾಗುವುದು ನಮಗೆ ಹೊಸದೇನಲ್ಲ. ಅನುದಾನ ಬಿಡುಗಡೆಯಾಗಿಲ್ಲವಂತೆ, ಖಜಾನೆಯಲ್ಲಿ ಬಿಲ್ಲು ಪಾಸಾಗಿಲ್ಲವಂತೆ, ಚುನಾವಣೆ ಬಂತಲ್ಲ, ಹೀಗೆ ಊರಿನಲ್ಲಿ ಏನಾದರೊಂದು ಕಾರಣ ಓಡಾಡುತ್ತಲೇ ಇರುತ್ತದೆ. ಈ ಸಲ ಪಕ್ಕದ ಮನೆಯ ಅಜ್ಜಿಗೆ ಸಂಧ್ಯಾ ಸುರಕ್ಷಾ ಬಂತು, ಎದುರು ಮನೆಯಾಕೆಗೆ ವಿಧವಾ ವೇತನ ಬಂತು. ನನಗೆ ಮಾತ್ರ ಬರಲಿಲ್ಲ. ಆಗ ಪಾಸ್‌ಪುಸ್ತಕ ಹಿಡಿದು ಹೊರಟೆ.

ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ನಾಡು. ಮಳೆ ಕೈಕೊಟ್ಟ ವರ್ಷ ಅರ್ಧ ಊರು ಗುಳೆ ಹೊರಡುತ್ತದೆ. ನನಗೆ ಎರಡು ವರ್ಷವಿದ್ದಾಗ ಎಡಗಾಲಿಗೆ ಪೋಲಿಯೊ ಆಯಿತು. ಈಗ ವಯಸ್ಸು ನಲವತ್ತು ದಾಟಿದೆ. ನಡೆಯುವಾಗ ಎಡಗೈಯನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಕಾಲು ಮಡಿಚಿಕೊಂಡು ಬಿಡುತ್ತದೆ. ಕಸುಬು ಹೊಲಿಗೆ. ಮೊದಲು ಬಲಗಾಲಿನಿಂದ ಯಂತ್ರ ತುಳಿಯುತ್ತಿದ್ದೆ, ಈಗ ಮೋಟಾರ್ ಹಾಕಿಸಿಕೊಂಡಿದ್ದೇನೆ. ಯಜಮಾನರು ಹಮಾಲಿ ಕೆಲಸಕ್ಕೆ ಹೋಗುತ್ತಾರೆ. ತಿಂಗಳಿಗೆ ಬರುತ್ತಿದ್ದ 1,400 ರೂಪಾಯಿಯಲ್ಲಿ ಸಂಸಾರ ನಡೆಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿ ಯಾರ ಮುಖವನ್ನೂ ನೋಡದೆ ಖರ್ಚು ಮಾಡಬಹುದಾದ ಹಣ ಅದೊಂದೇ. ನಮ್ಮ ಕಡೆ ಇದನ್ನು ಎಲ್ಲರೂ ಪಗಾರ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ.

ಹಿಂದೆ ಪಗಾರ ಅಂಚೆಯಲ್ಲಿ ಮನಿಯಾರ್ಡರ್ ಆಗಿ ಬರುತ್ತಿತ್ತು. ಕಟ್ಟೆಯ ಮೇಲೆ ಹೆಸರು ಕೂಗಿ ಕರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ನೋಟು ಎಣಿಸಿ ಕೊಡುತ್ತಿದ್ದರು. ಆ ಕಾಲವನ್ನು ಹೊಗಳಿ ಹಾಡುವ ಮನಸ್ಸು ನನಗಿಲ್ಲ. ಎಷ್ಟೋ ಕಡೆ ಹಣ ತಂದುಕೊಡುವವರ ಕೈಯಲ್ಲಿ ಹತ್ತೋ ಇಪ್ಪತ್ತೋ ಉಳಿದುಬಿಡುವುದು ವಾಡಿಕೆಯಾಗಿತ್ತು. ತೀರಿಕೊಂಡವರ ಹೆಸರಿನಲ್ಲಿ ಹಣ ಬಂದು ಇನ್ಯಾರದೋ ಕಿಸೆ ಸೇರಿದ ಕತೆಗಳೂ ಇದ್ದವು. ಅದನ್ನೆಲ್ಲ ತಪ್ಪಿಸಲೆಂದೇ ಹಣ ನೇರವಾಗಿ ಆಧಾರ್ ಜೋಡಿಸಿದ ಖಾತೆಗೆ ಬರುವ ವ್ಯವಸ್ಥೆಯಾಯಿತು. ಅದು ಒಳ್ಳೆಯದೇ. ಆದರೆ ಒಂದು ಮಾತಿದೆ. ಅಂದು ಹಣ ಬಾರದಿದ್ದರೆ ಕೇಳಲು ಎದುರಿಗೆ ಒಬ್ಬ ಮನುಷ್ಯ ಇರುತ್ತಿದ್ದ. ಈ ತಿಂಗಳ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ತಾಯಿ, ತಾಲ್ಲೂಕು ಕಚೇರಿಗೆ ಹೋಗಿ ಕೇಳು ಎಂದು ಅವನಾದರೂ ಹೇಳುತ್ತಿದ್ದ.

ಬ್ಯಾಂಕಿನಲ್ಲಿ ಕೌಂಟರಿನ ಹುಡುಗಿ ಚುರುಕಿನವಳು. ಪಾಸ್‌ಪುಸ್ತಕ ನೋಡಿದವಳೇ, "ಗೃಹಲಕ್ಷ್ಮಿ ಬರುತ್ತಿದೆಯಲ್ಲ?" ಎಂದಳು. ಹೌದು, ಎರಡು ಸಾವಿರ ಇದೇ ಖಾತೆಗೆ ಬೀಳುತ್ತಿದೆ. "ಹಾಗಾದರೆ ಆಧಾರ್ ಜೋಡಣೆ ಸರಿಯಾಗಿದೆ. ಎರಡೂ ಆಧಾರ್ ಮೂಲಕವೇ ಬರುವ ಹಣ. ಒಂದು ಬಂದು ಇನ್ನೊಂದು ಬಾರದಿದ್ದರೆ ತಡೆ ಬ್ಯಾಂಕಿನಲ್ಲಿಲ್ಲ, ಕಳುಹಿಸುವ ಕಡೆ ಇದೆ." ಇಷ್ಟು ದಿನಗಳಲ್ಲಿ ನಾನು ಕೇಳಿದ ಮೊದಲ ನೇರ ಮಾತು ಅದು. ಆಧಾರ್ ಆಧಾರಿತ ಪಾವತಿಯಲ್ಲಿ ಖಾತೆ ಸಂಖ್ಯೆಗೆ ಬೆಲೆಯಿಲ್ಲ, ಆಧಾರ್ ಅನ್ನು ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಿಸಿದ್ದೇವೋ ಅಲ್ಲಿಗೇ ಹಣ ಹೋಗುತ್ತದೆ ಎಂಬುದನ್ನೂ ಅವಳೇ ತಿಳಿಸಿದಳು. ನಮ್ಮ ಊರಿನಲ್ಲೇ ಒಬ್ಬರು ಸಂಘದ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಅವರ ಪಗಾರ ಒಂದು ವರ್ಷದಿಂದ ಅಲ್ಲಿ ಸದ್ದಿಲ್ಲದೆ ಜಮೆಯಾಗುತ್ತಿತ್ತು. ಅವರು ಹಳೆಯ ಖಾತೆಯ ಮುಂದೆ ಕುಳಿತು ಸರ್ಕಾರಕ್ಕೆ ಶಾಪ ಹಾಕುತ್ತಿದ್ದರು. ನನ್ನ ಪ್ರಕರಣ ಅದಲ್ಲ.

ಅಲ್ಲಿಂದ ನಾಡಕಚೇರಿ. ಆಪರೇಟರ್ ಆಧಾರ್ ಸಂಖ್ಯೆ ಹಾಕಿ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ನನ್ನ ಹೆಸರು, ಮಂಜೂರಾತಿ ಸಂಖ್ಯೆ, ವೈಕಲ್ಯದ ಪ್ರಮಾಣ ಎಲ್ಲ ಇತ್ತು. ಸ್ಥಿತಿ ಎಂಬಲ್ಲಿ ಮಾತ್ರ ಸ್ಥಗಿತ ಎಂದಿತ್ತು. ಏಕೆ ಎಂದು ಕೇಳಿದೆ. ಕಾರಣ ತೋರಿಸುವುದಿಲ್ಲ ಎಂದರು. ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿದರೆ ಮೇಲಿನಿಂದ ಆಗಿದೆ ಎಂದರು. ಮೇಲಿನವರನ್ನು ಕೇಳಿದರೆ ಕೆಳಗಿನಿಂದ ವರದಿ ಬರಬೇಕು ಎಂದರು. ಇವರಲ್ಲಿ ಯಾರೂ ಕೆಟ್ಟವರಲ್ಲ, ಒಬ್ಬರಂತೂ ನನಗೆ ಕುರ್ಚಿ ತರಿಸಿ ಕೂರಿಸಿ ಮಾತನಾಡಿದರು. ಆದರೆ ಕುರ್ಚಿಯಲ್ಲಿ ಕುಳಿತು ಕೇಳಿದರೂ ಉತ್ತರ ಅದೇ.

ಹೋಬಳಿಯಲ್ಲಿ ಪಿಂಚಣಿ ಅದಾಲತ್ ನಡೆಯುತ್ತದೆ ಎಂದು ಡಂಗುರ ಸಾರಿದಾಗ ಹೋದೆ. ಶಾಮಿಯಾನದ ಕೆಳಗೆ ಮೇಜು ಹಾಕಿದ್ದರು. ಬಂದವರಲ್ಲಿ ಹೆಚ್ಚಿನವರು ಮುದುಕರು. ಬೆರಳಚ್ಚು ಹೊಂದುವುದಿಲ್ಲ ಎಂಬುದು ಅವರ ಗೋಳು. ಜೀವಮಾನವಿಡೀ ಕಳೆ ಕಿತ್ತ, ಶೇಂಗಾ ಸುಲಿದ ಕೈಗಳು. ಬೆರಳಿನಲ್ಲಿ ಗೆರೆ ಉಳಿಯುವುದಾದರೂ ಹೇಗೆ? ನನ್ನ ಸರದಿ ಬಂದಾಗ ಅಂತೂ ವಿಷಯ ಹೊರಬಿತ್ತು. ಅಡಚಣೆ ಎರಡು ಇದ್ದವು. ಹಳೆಯ ವೈದ್ಯಕೀಯ ಪ್ರಮಾಣಪತ್ರದಲ್ಲಿ ನನ್ನ ಹೆಸರಿನ ಹಿಂದೆ ತಂದೆಯ ಹೆಸರಿನ ಮೊದಲಕ್ಷರವಿದೆ, ಮದುವೆಯ ನಂತರ ಮಾಡಿಸಿದ ಆಧಾರ್‌ನಲ್ಲಿ ಯಜಮಾನರ ಹೆಸರಿದೆ. ಯಂತ್ರದ ಲೆಕ್ಕದಲ್ಲಿ ಇಬ್ಬರೂ ಬೇರೆ ಬೇರೆ ಹೆಂಗಸರು. ಎರಡನೆಯದು, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಸಂಖ್ಯೆ ಜೋಡಿಸಿಲ್ಲ. ಯುಡಿಐಡಿ ಮಾಡಿಸಿಕೊಂಡು ಬಂದರೆ ಹೆಸರೂ ಆಧಾರ್‌ನಂತೆಯೇ ಬರುತ್ತದೆ, ಎರಡೂ ಒಟ್ಟಿಗೆ ಬಗೆಹರಿಯುತ್ತವೆ ಎಂದರು. ನಾನು ಖುಷಿಯಿಂದಲೇ ಮನೆಗೆ ಬಂದೆ. ಯುಡಿಐಡಿ ಎಂದರೆ ಬರೀ ಕಾರ್ಡು ಎಂದು ಅಲ್ಲಿದ್ದವರೆಲ್ಲ ತಿಳಿದಿದ್ದರು.

ಯುಡಿಐಡಿ ಎಂದರೆ ದೇಶಕ್ಕೆಲ್ಲ ಒಂದೇ ಆದ ಅಂಗವಿಕಲರ ಗುರುತಿನ ಸಂಖ್ಯೆ. ಅಂಕಿ ಅಕ್ಷರ ಸೇರಿ 18. 2021ರ ಜೂನ್ 1ರಿಂದ ಅಂಗವಿಕಲತೆಯ ಪ್ರಮಾಣಪತ್ರವನ್ನು ಎಲ್ಲ ರಾಜ್ಯಗಳೂ ಅದರ ಸ್ವಾವಲಂಬನ್ ಜಾಲತಾಣದ ಮೂಲಕವೇ ಕೊಡಬೇಕೆಂದು ಕೇಂದ್ರ ಸರ್ಕಾರ ಆದೇಶಿಸಿತು. ಇದರ ಹಿಂದಿರುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. 1995ರ ಹಳೆಯ ಕಾಯ್ದೆ ಏಳು ಬಗೆಯ ವೈಕಲ್ಯವನ್ನು ಮಾತ್ರ ಗುರುತಿಸಿತ್ತು, ಹೊಸದು 21 ಬಗೆಗಳನ್ನು ಗುರುತಿಸುತ್ತದೆ. ಕಾಯ್ದೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗನಿಗೆ ಹಿಮೊಫಿಲಿಯಾ. ಪೆಟ್ಟಾದರೆ ರಕ್ತ ನಿಲ್ಲುವುದಿಲ್ಲ, ಮೊಣಕಾಲು ಊದಿ ಹೋಗಿತ್ತು. ನೋಡಲು ಕೈಕಾಲು ನೆಟ್ಟಗಿರುವ ಇವನಿಗೇನು ವೈಕಲ್ಯ ಎಂದು ಜನ ಹೇಳುತ್ತಿದ್ದುದನ್ನು ಅವನ ತಾಯಿ ಹೇಳಿಕೊಂಡರು. ಅವನಂಥವರಿಗೆ ಬಾಗಿಲು ತೆರೆದದ್ದು ಆ ಕಾಯ್ದೆ.

ಅರ್ಜಿ ಹಾಕಿಸಿಕೊಟ್ಟವರು ನಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರಿಗೂ ಒಂದು ಕೈ ಇಲ್ಲ. ಒಂದೇ ಕೈಯಲ್ಲಿ ಅವರು ಮೊಬೈಲ್ ಹಿಡಿದು ಹೆಬ್ಬೆರಳಿನಿಂದಲೇ ಅರ್ಜಿ ತುಂಬುವ ವೇಗ ನೋಡಿದರೆ ಸೈಬರ್ ಅಂಗಡಿಯವರು ನಾಚಬೇಕು. ಫೋಟೊದ ಅಳತೆ ದೊಡ್ಡದಾಯಿತು, ಸಹಿಯ ಚಿತ್ರ ಮಸುಕಾಯಿತು ಎಂದೆಲ್ಲ ಜಾಲತಾಣ ತಗಾದೆ ತೆಗೆದ ಮೇಲೆ ನೋಂದಣಿಯ ಚೀಟಿ ಬಂತು. ತಪಾಸಣೆಗೆ ದಾವಣಗೆರೆಗೆ ಹೋಗಬೇಕು, ಮೂಳೆ ವೈದ್ಯರು ಇರುವ ದಿನವೇ ಹೋಗಬೇಕು.

ಇಲ್ಲಿ ಬಸ್ಸಿನ ವಿಷಯ ಒಂದು ಮಾತು. ಅಂಗವಿಕಲರಿಗೆ ಸಾರಿಗೆ ನಿಗಮದ ರಿಯಾಯಿತಿ ಪಾಸ್ ಇದೆ: ವರ್ಷಕ್ಕೆ 660 ರೂಪಾಯಿ, ಮನೆಯಿಂದ ನೂರು ಕಿಲೋಮೀಟರ್ ಒಳಗೆ ಓಡಾಡಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಆ ಪಾಸ್ ಬೇಕಿಲ್ಲವಾಯಿತು. ಆದರೆ ನನ್ನಂತೆಯೇ ಕಾಲೆಳೆಯುವ ಗಂಡಸರು ಇಂದಿಗೂ 660 ಕಟ್ಟುತ್ತಾರೆ. ಇದನ್ನು ನಮ್ಮ ಕಾರ್ಯಕರ್ತರು ನಗುತ್ತಲೇ ಹೇಳುತ್ತಾರೆ, ನಗುವಿನ ಹಿಂದೆ ಬೇಸರವಿದೆ. ಇನ್ನು ನಮ್ಮ ಕಡೆ ಹೆಚ್ಚು ಓಡುವುದು ಖಾಸಗಿ ಬಸ್ಸು. ಅಲ್ಲಿ ಶಕ್ತಿಯೂ ನಡೆಯುವುದಿಲ್ಲ, ಪಾಸೂ ನಡೆಯುವುದಿಲ್ಲ. ಸರ್ಕಾರಿ ಬಸ್ಸಿಗೆ ಕಾದರೆ ಆಸ್ಪತ್ರೆಯ ಚೀಟಿ ಕೊಡುವ ಹೊತ್ತು ಮೀರುತ್ತದೆ, ಖಾಸಗಿ ಬಸ್ ಹತ್ತಿದರೆ ಕೈಯಿಂದ ದುಡ್ಡು ಹೋಗುತ್ತದೆ. ನಾನು ದುಡ್ಡು ಕೊಟ್ಟೇ ಹೋಗುತ್ತಿದ್ದೆ.

ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಕಾಯಿಸಿದ್ದನ್ನೂ ಬರೆಯುವುದಿಲ್ಲ, ಕಾಯುವುದು ಯಾರಿಗೆ ಗೊತ್ತಿಲ್ಲ. ಬರೆಯಬೇಕಾದದ್ದು ತಪಾಸಣೆಯ ಬಗ್ಗೆ, ಏಕೆಂದರೆ ನನ್ನ ಪಗಾರದ ಹಣೆಬರಹ ನಿರ್ಧಾರವಾದದ್ದು ಆ ಕೋಣೆಯಲ್ಲಿ.

ವೈದ್ಯರು ಚಿಕ್ಕ ವಯಸ್ಸಿನವರು. ನನ್ನ ಕಾಲನ್ನು ಅವರು ನೋಡಿದ ರೀತಿಯಲ್ಲಿ ಕುತೂಹಲವಿತ್ತು. ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಇಂದು ವೈದ್ಯರಾಗಿ ಬರುವವರು ಪೋಲಿಯೊ ಮಗುವನ್ನು ನೋಡಿಯೇ ಇರುವುದಿಲ್ಲ. ನಮ್ಮ ತಲೆಮಾರು ಮುಗಿದರೆ ಇಂಥ ಕಾಲೂ ಮುಗಿಯಿತು, ಮುಗಿಯಲಿ. ಅವರು ಟೇಪ್ ತೆಗೆದು ಸೊಂಟದ ಮುಂದಿನ ಎಲುಬಿನ ತುದಿಯಿಂದ ಒಳಗಿನ ಕಣಕಾಲಿನ ಗಂಟಿನವರೆಗೆ ಎರಡೂ ಕಾಲುಗಳ ಉದ್ದ ಅಳೆದರು. ಅದು ನಾನು ದಿನಾ ಕೊರಳಿಗೆ ಹಾಕಿಕೊಳ್ಳುವ ಟೇಪಿನಂಥದ್ದೇ. ಎಡಗಾಲು ಎರಡು ಇಂಚು ಗಿಡ್ಡ ಎಂಬುದು ಅವರು ಹೇಳುವ ಮೊದಲೇ ನನಗೆ ಗೊತ್ತಿತ್ತು, ನನ್ನ ಲಂಗದ ಅಂಚನ್ನು ನಾನೇ ಆ ಲೆಕ್ಕದಲ್ಲಿ ಕತ್ತರಿಸಿಕೊಳ್ಳುತ್ತೇನೆ. ಮಾರ್ಗಸೂಚಿಯ ಪ್ರಕಾರ ಮೊದಲ ಅರ್ಧ ಇಂಚು ಲೆಕ್ಕಕ್ಕಿಲ್ಲ. ಆಮೇಲಿನ ಪ್ರತಿ ಅರ್ಧ ಇಂಚಿಗೆ ಶೇಕಡಾ 4. ಅಲ್ಲಿಗೆ 12 ಬಂತು. ಗೋನಿಯೊಮೀಟರ್ ಎಂಬ ಕೋನಮಾಪಕ ಇಟ್ಟು ಮೊಣಕಾಲು ಎಷ್ಟು ಮಡಿಚುತ್ತದೆ, ಪಾದ ಎಷ್ಟು ಏಳುತ್ತದೆ ನೋಡಿದರು. ಒತ್ತಿ ಹಿಡಿದು, ಈಗ ಎತ್ತಿ ಎಂದು ಸ್ನಾಯುಗಳ ಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟರು.

ಆಮೇಲೆ ಬಂದದ್ದು ಸ್ಥಿರತೆಯ ಪರೀಕ್ಷೆ. ಅದರಲ್ಲಿ ಒಂಬತ್ತು ಕೆಲಸಗಳಿವೆ: ಸಮನೆಲದ ಮೇಲೆ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲ ಮೇಲೆ ನಿಲ್ಲುವುದು, ಕುಂಟು ಕಾಲ ಮೇಲೆ ನಿಲ್ಲುವುದು, ಕುಕ್ಕರಗಾಲಿನಲ್ಲಿ ಕೂರುವುದು, ಚಕ್ಕಂಬಕ್ಕಳ ಹಾಕಿ ಕೂರುವುದು, ಮೊಣಕಾಲೂರುವುದು, ನಡೆಯುತ್ತ ತಿರುಗುವುದು. ಒಂದೊಂದಕ್ಕೂ 10ರಂತೆ ಒಟ್ಟು 90. ಮಾಡಲಾಗದಿದ್ದರೆ 10 ಸಿಗುತ್ತದೆ, ಮಾಡಿದರೆ ಇಲ್ಲ.

ನಾನು ನಡೆದೆ. ಕೈ ಮೊಣಕಾಲ ಮೇಲಿತ್ತು, ಆದರೂ ನಡೆದದ್ದು ನಡೆದದ್ದೇ. ಚಕ್ಕಂಬಕ್ಕಳ ಹಾಕಿ ಎಂದರು. ನಾನು ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ ಬಲಗಾಲಿನ ಕೆಳಗೆ ಸೇರಿಸಿ ಕುಳಿತೆ. ಬಾಲ್ಯದಿಂದ ಹಾಗೆಯೇ ಪಂಕ್ತಿಯಲ್ಲಿ ಕುಳಿತು ಉಂಡವಳು ನಾನು. ಮೆಟ್ಟಿಲ ಬಳಿ ಕರೆದುಕೊಂಡು ಹೋದರು. ಆಸ್ಪತ್ರೆಯ ಮೆಟ್ಟಿಲಿಗೆ ಗಟ್ಟಿ ಕಂಬಿ ಇತ್ತು. ಕಂಬಿ ಹಿಡಿದು, ಬಲಗಾಲು ಮೊದಲು ಇಟ್ಟು, ಎಡಗಾಲನ್ನು ಮೇಲೆಳೆದುಕೊಂಡು ಹತ್ತಿದೆ. ವೈದ್ಯರು, "ಪರವಾಗಿಲ್ಲ, ಚೆನ್ನಾಗಿ ಹತ್ತುತ್ತೀರಿ" ಎಂದರು. ಹೊಗಳಿಕೆ ಕೇಳಿ ನನಗೆ ಹಿತವೂ ಆಯಿತು. ಆ ಹಿತಕ್ಕೆ ತೆತ್ತ ಬೆಲೆ ಏನೆಂಬುದು ಕಾರ್ಡ್ ಬಂದ ಮೇಲೆ ಗೊತ್ತಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಕಾಲಿಗೆ ಬಲವಿಲ್ಲ. ಬಲವಿಲ್ಲದ ಕಾಲಿನಿಂದ ಕೆಲಸ ತೆಗೆಯುವ ಉಪಾಯಗಳನ್ನು ನಾನು ನಲವತ್ತು ವರ್ಷಗಳಿಂದ ಕಲಿತಿದ್ದೇನೆ. ಯಾರೂ ಕಲಿಸಲಿಲ್ಲ, ಬಿದ್ದು ಎದ್ದು ಕಲಿತದ್ದು. ನಮೂನೆಯಲ್ಲಿ ಮಾಡುತ್ತಾರೆಯೇ ಎಂಬ ಕಲಂ ಇದೆ, ಹೇಗೆ ಮಾಡುತ್ತಾರೆ, ಮಾಡಿದ ಮೇಲೆ ಆ ರಾತ್ರಿ ಸೊಂಟ ಹೇಗಿರುತ್ತದೆ ಎಂಬ ಕಲಂ ಇಲ್ಲ. ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ, ಅವರು ನಮೂನೆಯಂತೆ ನಡೆದರು. ಮೊದಲ ಸಲ ಶಿಬಿರದಲ್ಲಿ ಪ್ರಮಾಣಪತ್ರ ಕೊಟ್ಟಾಗ ನನಗೆ ಹದಿನೆಂಟೋ ಹತ್ತೊಂಬತ್ತೋ. ಆಗ ನಾಚಿಕೆಗೆ ಅರ್ಧ ಮಾತೂ ಆಡಿರಲಿಲ್ಲ, ಮೆಟ್ಟಿಲೂ ಹತ್ತಿರಲಿಲ್ಲ. ಶೇಕಡಾ 78 ಎಂದು ಬರೆದಿದ್ದರು. ಪೋಲಿಯೊ ಬಂದವರಿಗೆ ದಶಕಗಳ ನಂತರ ಸ್ನಾಯು ಮತ್ತೆ ಸೋಲುವುದುಂಟು, ವೈದ್ಯರೇ ಅದಕ್ಕೆ ಪೋಲಿಯೊ ನಂತರದ ಲಕ್ಷಣಾವಳಿ ಎಂಬ ಹೆಸರಿಟ್ಟಿದ್ದಾರೆ. ಐದು ವರ್ಷಗಳ ಹಿಂದೆ ನಾನು ನೀರಿನ ಕೊಡ ತರುತ್ತಿದ್ದೆ, ಈಗ ಆಗುವುದಿಲ್ಲ. ಕಾಲು ಇಳಿಮುಖವಾಗಿದೆ, ಕಾಗದದಲ್ಲಿ ನಾನು ಸುಧಾರಿಸಿದ್ದೇನೆ.

ಕಾರ್ಡ್ ಅಂಚೆಯಲ್ಲಿ ಬಂತು. ಹಳದಿ ಪಟ್ಟಿಯದು. 2024ರ ಅಕ್ಟೋಬರ್‌ನ ತಿದ್ದುಪಡಿ ನಿಯಮಗಳ ಪ್ರಕಾರ ಶೇಕಡಾ 40ಕ್ಕಿಂತ ಕಡಿಮೆ ಇದ್ದವರಿಗೆ ಬಿಳಿ, 40ರಿಂದ 79ರವರೆಗೆ ಹಳದಿ, 80 ಮತ್ತು ಮೇಲ್ಪಟ್ಟವರಿಗೆ ನೀಲಿ. ನನ್ನದರಲ್ಲಿ 65 ಎಂದಿತ್ತು.

65 ಎಲ್ಲಿಂದ ಬಂತು ಎಂದು ನಮ್ಮ ಕಾರ್ಯಕರ್ತರು ಕೂಡಿಸುವ ಲೆಕ್ಕ ತೋರಿಸಿದರು. ಎರಡು ಬಗೆಯ ನಷ್ಟವನ್ನು ನೇರವಾಗಿ ಕೂಡಿಸುವುದಿಲ್ಲ. ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಬೇಕು. ಅಂದರೆ 60ಕ್ಕೆ 30 ಕೂಡಿದರೆ 90 ಆಗುವುದಿಲ್ಲ, 70 ಆಗುತ್ತದೆ. ಲೆಕ್ಕ ತಪ್ಪೆಂದು ನಾನು ವಾದಿಸುವುದಿಲ್ಲ, ಒಬ್ಬ ಮನುಷ್ಯನ ವೈಕಲ್ಯ ನೂರನ್ನು ದಾಟಲಾರದಲ್ಲ. ಆದರೆ ಎರಡು ಕಲಂಗಳಲ್ಲಿ ಹತ್ತು ಹತ್ತು ಕಡಿಮೆಯಾದರೆ ಅದರ ಪರಿಣಾಮ ಎಲ್ಲಿಗೆ ಮುಟ್ಟುತ್ತದೆ ನೋಡಿ. ನಮ್ಮ ರಾಜ್ಯದ ಪಗಾರದಲ್ಲಿ ಶೇಕಡಾ 40ಕ್ಕೆ ಒಂದು ಗೆರೆ, 75ಕ್ಕೆ ಇನ್ನೊಂದು. ಮೇಲಿನವರಿಗೆ 1,400, ಕೆಳಗಿನವರಿಗೆ 800. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಗೆ ಶೇಕಡಾ 80 ಇರಬೇಕು, ಬಡತನ ರೇಖೆಯ ಕೆಳಗಿರಬೇಕು. ಅಷ್ಟಿದ್ದರೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಒಂದೇ ಕಾಲು ಒಂದು ಗೆರೆಯ ಈಚೆ ಇದ್ದರೆ ಒಂದು ಬೆಲೆ, ಆಚೆ ಇದ್ದರೆ ಇನ್ನೊಂದು.

ಕಾರ್ಡಿನ ಸಂಖ್ಯೆ ಜೋಡಿಸಿದ ಮೇಲೆ ಪಗಾರ ಮತ್ತೆ ಶುರುವಾಯಿತು. 800.

ಈ 800ರ ಬಗ್ಗೆ ಹೇಳುವುದಿದೆ. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ದಿನವೇ ಮಾಸಾಶನಗಳ ಹೆಚ್ಚಳ ಪ್ರಕಟಿಸಿದರು. ಸಂಧ್ಯಾ ಸುರಕ್ಷಾ 1,000ದಿಂದ 1,200 ಆಯಿತು. ವಿಧವಾ ವೇತನ 600ರಿಂದ 800, 75ರ ಗೆರೆಯ ಕೆಳಗಿನ ಅಂಗವಿಕಲರದೂ 600ರಿಂದ 800. ಈಗ 2016ರ ಕಾಯ್ದೆಯ 24ನೇ ಕಲಮನ್ನು ನೋಡಿ. ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ನೆರವು ಅಂಥದ್ದೇ ಯೋಜನೆಗಳಲ್ಲಿ ಇತರರಿಗೆ ಕೊಡುವುದಕ್ಕಿಂತ ಕನಿಷ್ಠ ಶೇಕಡಾ 25ರಷ್ಟು ಹೆಚ್ಚಿರಬೇಕು ಎಂದು ಅದು ಹೇಳುತ್ತದೆ. ವೃದ್ಧರಿಗೆ 1,200 ಎಂದರೆ ಅಂಗವಿಕಲರಿಗೆ 1,500 ಆಗಬೇಕು. ನನಗೆ ಹಿಂದೆ ಬರುತ್ತಿದ್ದ 1,400 ಕೂಡ ಅಷ್ಟು ಮುಟ್ಟುವುದಿಲ್ಲ, ಈಗಿನ 800ರ ಮಾತು ಬಿಡಿ. ಅದೇ ಕಲಮಿನ ಆರಂಭದಲ್ಲಿ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ಎಂಬ ಮಾತಿದೆ, ಅದನ್ನೂ ಓದಿದ್ದೇನೆ. ಗೃಹಲಕ್ಷ್ಮಿ ಬೇಡವೆಂದು ನಾನು ಹೇಳುವವಳಲ್ಲ, ಅದರಿಂದ ನನ್ನ ಮಗಳ ಕಾಲೇಜು ನಡೆಯುತ್ತಿದೆ. ಆದರೆ ಮನೆಯೊಡತಿ ಎಂಬ ಕಾರಣಕ್ಕೆ 2,000 ಕೊಡಲು ಇರುವ ಸಾಮರ್ಥ್ಯ ಪೋಲಿಯೊ ಕಾಲಿಗೆ ಬಂದಾಗ 800ಕ್ಕೆ ಕುಗ್ಗುವುದೇಕೆ ಎಂದು ಕೇಳಬಹುದಲ್ಲ.

ಆದಾಯದ ಮಿತಿಯೂ ಹೀಗೆಯೇ. ಪಗಾರಕ್ಕೆ ಕುಟುಂಬದ ವಾರ್ಷಿಕ ಆದಾಯ 32,000 ಮೀರಬಾರದು. ದಿನಕ್ಕೆ 90 ರೂಪಾಯಿಯೂ ಆಗಲಿಲ್ಲ. ಕೇಂದ್ರದ ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 2024-25ರಲ್ಲಿ 349 ರೂಪಾಯಿ ಇತ್ತು. ಆ ವರ್ಷ ಮನೆಯಲ್ಲಿ ಒಬ್ಬರು ಪೂರ್ತಿ ನೂರು ದಿನ ದುಡಿದಿದ್ದರೆ 34,900. ಒಂದು ಯೋಜನೆಯನ್ನು ಪೂರ್ತಿ ಬಳಸಿಕೊಂಡರೆ ಇನ್ನೊಂದು ಯೋಜನೆಗೆ ಅನರ್ಹರಾಗುತ್ತೇವೆ! ಎಲ್ಲರ ಆದಾಯ ಪ್ರಮಾಣಪತ್ರವೂ ಈ ಮಿತಿಯೊಳಗೆ ಬರುವಂತೆ ಹೇಗೋ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳುವ ಬಗೆ ಅರ್ಜಿದಾರರಿಗೂ ಗೊತ್ತು, ಬರೆದುಕೊಡುವವರಿಗೂ ಗೊತ್ತು.

ಇಷ್ಟರ ನಡುವೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದುದು ಬೇರೆಯೇ. ಪಗಾರ ಕಡಿಮೆಯಾದದ್ದಕ್ಕೆ ಒಂದು ಲೆಕ್ಕವಿದೆ, ಒಪ್ಪಿದರೂ ಬಿಟ್ಟರೂ ಅದು ಕಾಗದದ ಮೇಲಿದೆ. ನಿಂತದ್ದಕ್ಕೆ ಕಾರಣ ಬರೆದ ಕಾಗದ ಎಲ್ಲಿ? ಅದಾಲತ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿದರು, ಅಷ್ಟೇ. ನಡುವಿನ ತಿಂಗಳುಗಳ ಬಾಕಿ ಕೇಳಿದರೆ, ನೋಡೋಣ ಎಂದರು. ಅದಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಶುಲ್ಕ ಹತ್ತು ರೂಪಾಯಿ. ಬಿಪಿಎಲ್ ಕಾರ್ಡಿನ ನಕಲು ಇಟ್ಟರೆ ಅದೂ ಬೇಡ. ಉತ್ತರಕ್ಕೆ 30 ದಿನಗಳ ಗಡುವಿದೆ. ಮೂರೇ ಪ್ರಶ್ನೆ ಕೇಳಿದ್ದೆ: ನನ್ನ ಮಾಸಾಶನ ಯಾವ ತಿಂಗಳಿಂದ ನಿಂತಿದೆ, ಯಾವ ಕಾರಣಕ್ಕೆ, ನಿಲ್ಲಿಸುವ ಮೊದಲು ನನಗೆ ಕೊಟ್ಟ ನೋಟಿಸಿನ ನಕಲು ಕೊಡಿ.

ಉತ್ತರ ಬಂತು. ತಿಂಗಳು ನಮೂದಿಸಿದ್ದರು. ದಾಖಲೆಗಳು ತಾಳೆಯಾಗದ ಕಾರಣ ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ ಎಂದಿತ್ತು. ಮೂರನೆಯ ಪ್ರಶ್ನೆಯ ಎದುರು, ಲಭ್ಯವಿಲ್ಲ.

ತಾತ್ಕಾಲಿಕ ಎಂಬ ಆ ಮಾತು ನನ್ನ ಕೈಗೆ ಸಿಕ್ಕಿತು. ರದ್ದಾಗಿದ್ದರೆ ಬಾಕಿಯ ಮಾತೇ ಬರುತ್ತಿರಲಿಲ್ಲ. ತಡೆಹಿಡಿದದ್ದಾದರೆ, ತಡೆ ತೆಗೆದ ಮೇಲೆ ಹಿಡಿದಿಟ್ಟದ್ದನ್ನು ಕೊಡಬೇಕು. ಅದೂ ಆ ತಿಂಗಳುಗಳಲ್ಲಿ ಹಳೆಯ ಪ್ರಮಾಣಪತ್ರವೇ ಚಾಲ್ತಿಯಲ್ಲಿತ್ತು, ಆದ್ದರಿಂದ 1,400ರ ಲೆಕ್ಕದಲ್ಲಿ ಕೊಡಬೇಕು. ಈ ಮೂರು ಸಾಲುಗಳನ್ನು ಬರೆದು ತಹಶೀಲ್ದಾರರಿಗೆ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಮೊಹರಿಲ್ಲದ ಅರ್ಜಿ ಕೊಟ್ಟದ್ದೂ ಒಂದೇ, ಕೊಡದಿದ್ದದ್ದೂ ಒಂದೇ.

ಊರಿನಲ್ಲಿ ಕೆಲವರಿಗೆ ಇದು ಅತಿ ಎನಿಸಿದೆ. ಬರುತ್ತಿರುವ 800 ಕೂಡ ಹೋದೀತು, ಸುಮ್ಮನಿರು ಎಂದವರುಂಟು. ಸರ್ಕಾರದ ಕೆಲಸವೆಂದರೆ ಅದು ದಯೆ, ದಯೆಯ ಲೆಕ್ಕ ಕೇಳಬಾರದು ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಹಾಗೆ ಹೇಳುವವರೇ ರೇಷನ್ ಅಂಗಡಿಯಲ್ಲಿ ಅರ್ಧ ಕಿಲೋ ಅಕ್ಕಿ ಕಡಿಮೆ ತೂಗಿದರೆ ಬೀದಿ ಕೇಳುವಂತೆ ಜಗಳ ಮಾಡುತ್ತಾರೆ. ನಾನು ಕೇಳುತ್ತಿರುವುದೂ ತೂಕದ ವಿಷಯವೇ. ಜೊತೆಗೆ ಒಂದು ಸಣ್ಣ ಬೇಡಿಕೆಯಿದೆ, ಇದನ್ನು ಆ ಅರ್ಜಿಯ ಕೊನೆಗೂ ಸೇರಿಸಿದ್ದೇನೆ: ಹಣ ಜಮೆಯಾದಾಗ ಸಂದೇಶ ಕಳುಹಿಸುವ ವ್ಯವಸ್ಥೆಗೆ, ತಡೆಹಿಡಿದಾಗಲೂ ಕಾರಣ ಬರೆದು ಕಳುಹಿಸಲು ಹೇಳಿ. ಹೆಸರು ತಾಳೆಯಾಗಿಲ್ಲ, ಯುಡಿಐಡಿ ಜೋಡಿಸಿ ಎಂಬ ಒಂದು ಸಾಲು ಮೊದಲ ತಿಂಗಳೇ ಬಂದಿದ್ದರೆ ಬ್ಯಾಂಕು, ನಾಡಕಚೇರಿ, ಅದಾಲತ್ ಯಾವುದೂ ಬೇಕಿರಲಿಲ್ಲ. ಬೆರಳಚ್ಚು ಹೊಂದದ ಆ ಮುದುಕರಿಗೂ ಶಾಮಿಯಾನದ ಕೆಳಗೆ ಕೂರುವುದು ತಪ್ಪುತ್ತಿತ್ತು.

ಶೇಕಡಾವಾರಿನ ವಿಷಯದಲ್ಲಿ ಮೇಲ್ಮನವಿಗೆ ಅವಕಾಶವಿದೆ, ಕಾಯ್ದೆಯ 59ನೇ ಕಲಮು ಅದನ್ನು ಕೊಡುತ್ತದೆ. ಹಾಕಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಮರುತಪಾಸಣೆಯಲ್ಲಿ ಇನ್ನೂ ಕಡಿಮೆಯಾದರೆ ಎಂಬ ಹೆದರಿಕೆ ಇದ್ದೇ ಇತ್ತು. ಕಾರ್ಯಕರ್ತರೊಬ್ಬರು, ಈ ಸಲ ಮೆಟ್ಟಿಲು ಹತ್ತಲೇ ಬೇಡಿ, ಆಗುವುದಿಲ್ಲ ಎಂದುಬಿಡಿ ಎಂದು ಸಲಹೆ ಕೊಟ್ಟರು. ಅದು ನನಗೆ ಸರಿಬರಲಿಲ್ಲ. ನನ್ನ ಮನೆಯ ಮುಂದೆಯೇ ನಾಲ್ಕು ಮೆಟ್ಟಿಲಿವೆ, ದಿನಾ ಹತ್ತುತ್ತೇನೆ, ನೋಡುವವರು ನೋಡುತ್ತಾರೆ. ಕೊನೆಗೆ ಅರ್ಜಿ ಹಾಕಿದೆ. ಇಷ್ಟೇ ಶೇಕಡಾ ಬೇಕೆಂದು ಅದರಲ್ಲಿ ಬರೆದಿಲ್ಲ. ಸ್ನಾಯುಗಳ ಬಲವನ್ನು ಮತ್ತೆ ನೋಡಿ, ಐದು ವರ್ಷಗಳಲ್ಲಿ ಕಾಲು ಸೋತದ್ದನ್ನು ದಾಖಲಿಸಿ, ಮೆಟ್ಟಿಲು ಹತ್ತಿಸುವುದಾದರೆ ಕಂಬಿಯಿಲ್ಲದ ಮೆಟ್ಟಿಲನ್ನು ಹತ್ತಿಸಿ ನೋಡಿ ಎಂದು ಬರೆದಿದ್ದೇನೆ. ಬರುವಾಗ ಹಳೆಯ ಪ್ರಮಾಣಪತ್ರದ ಮೂಲಪ್ರತಿ ತರಬೇಕೆಂದು ಹೇಳಿದ್ದಾರೆ. ದಿನಾಂಕ ಇನ್ನೂ ತಿಳಿಸಿಲ್ಲ.